ಜಸೀನಾ ಟೀಚರಿಗೆ ಶಾಲು

ನಮ್ಮ ಶಾಲೆಯಲ್ಲಿ ಶಾಲು ಎಂದರೆ ಏನು ಎಂಬುದು ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿರಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಇಪ್ಪತ್ತೆರಡು ವಾರ್ಷಿಕೋತ್ಸವಕ್ಕೂ ಸನ್ಮಾನಪತ್ರ ಬರೆದವಳು ನಾನೇ. ದಾನ ಕೊಟ್ಟವರಿಗೆ ಒಂದು ಶಾಲು, ಬಿಟ್ಟು ಹೋಗುವವರಿಗೆ ಒಂದು ಶಾಲು. ಮೂರನೆಯ ಬಗೆಯದನ್ನು ನಾನು ಕಂಡದ್ದೇ ಇಲ್ಲ. ಆದರೂ ಜಸೀನಾಳ ಹೆಸರು ಕೇಳಿದ ದಿನ ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಜಸೀನಾ ಉಪ್ಪಿನಂಗಡಿಯ ಬ್ಯಾರಿ ಮನೆಯ ಹೆಣ್ಣು. ಪಿಯುಸಿ ಮುಗಿದದ್ದೇ ಮದುವೆಯಾಗಿ ಗಂಡ ರಿಯಾಝ್‌ನ ಜೊತೆ ಮಸ್ಕತ್ತಿಗೆ ಹೋದಳು. ಅಲ್ಲಿ ಮೇಲಿನ ಮಹಡಿಯಲ್ಲಿ ಸ್ಕಾಟ್ಲೆಂಡಿನ ಒಬ್ಬಳು ನರ್ಸ್ ಇದ್ದಳಂತೆ. ಆ ನರ್ಸ್ ಡ್ಯೂಟಿಗೆ ಹೋದಾಗ ಅವಳ ಬೆಕ್ಕಿಗೆ ತಿನ್ನಲು ಹಾಕುವುದು ಇವಳ ಕೆಲಸ. ಆ ಬೆಕ್ಕಿನ ದೆಸೆಯಿಂದ ಇವಳಿಗೆ ಇಂಗ್ಲಿಷ್ ಬಂತು. ಒಂಬತ್ತು ವರ್ಷ ಕಿವಿಯಲ್ಲೇ ಕಲಿತಳು. ರಿಯಾಝ್‌ನ ಕಂಪೆನಿ ಮುಚ್ಚಿ ಊರಿಗೆ ಬಂದ ಮೇಲೆ ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟ. ಇವಳು ಕಡಬ ದಾರಿಯ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗೆ ತಾತ್ಕಾಲಿಕ ಟೀಚರಾಗಿ ಸೇರಿದಳು. ತಾತ್ಕಾಲಿಕ ಅಂದರೆ ಹನ್ನೊಂದು ವರ್ಷ!

ನನ್ನ ಕ್ಲಾಸಿಗೂ ಅವಳ ಕ್ಲಾಸಿಗೂ ನಡುವೆ ಅರ್ಧ ಗೋಡೆ. ನಾನು ವ್ಯಾಕರಣ ಹೇಳುತ್ತಾ ಹೇಳುತ್ತಾ ಅವಳ ಪಾಠಕ್ಕೆ ಕಿವಿ ಕೊಡುತ್ತಿದ್ದೆ. ಬೋರ್ಡಿನಲ್ಲಿ ಒಂದು ಬಸ್ಸು ಬಿಡಿಸುವುದು, ಅದರ ಹಿಂದೆ ಓಡುವ ಒಬ್ಬಳು ಹೆಂಗಸು. ಅದು ಅವಳೇ ಎಂದು ಮಕ್ಕಳಿಗೆ ಗೊತ್ತು.

“ನಾನು ಸ್ಟ್ಯಾಂಡಿಗೆ ಮುಟ್ಟುವಾಗ ಬಸ್ಸು ಹೋಗಿ ಆಗಿತ್ತು. ಎರಡೂ ನಿನ್ನೆ ಆದದ್ದೇ. ಮೊದಲು ಆದದ್ದು ಯಾವುದು?”

“ಬಸ್ಸು ಹೋದದ್ದು ಟೀಚರ್.”

“ಹಾಗಾದರೆ ಬಸ್ಸಿಗೆ ಹ್ಯಾಡ್ ಬೇಕು. ಪುಸ್ತಕದಲ್ಲಿ ಅದು ಪೂರ್ತಿ ಉಂಟು. ಬಾಯಲ್ಲಿ ಅದನ್ನು ನುಂಗುದು, ಬಾಲದ ‘ಡ್’ ಮಾತ್ರ ಬಿಡುದು. ಐಡ್ ಗಾನ್, ಶೀಡ್ ಗಾನ್, ದೇಡ್ ಗಾನ್. ಕೇಳುದಿಲ್ಲ ಅಂತ ಇಲ್ಲ ಅಂದ್ಕೊಬೇಡಿ.”

ಒಬ್ಬಳು ಹುಡುಗಿ ಎದ್ದು, ವುಡ್‌ಗೂ ಅದೇ ಬಾಲ ಅಲ್ಲವಾ ಟೀಚರ್ ಎಂದು ಕೇಳಿದಳು. ಜಸೀನಾಳಿಗೆ ಖುಷಿಯೋ ಖುಷಿ. “ಹೌದು ಮಾರಾಯ್ತಿ. ಅದಕ್ಕೇ ಪಕ್ಕದ ಶಬ್ದ ನೋಡಬೇಕು. ಐಡ್ ಗೋ ಅಂದರೆ ಹೋಗುತ್ತಿದ್ದೆ, ಇನ್ನೂ ಹೋಗಿಲ್ಲ. ಐಡ್ ಗಾನ್ ಅಂದರೆ ಹೋಗಿ ಆಗಿತ್ತು, ಇನ್ನು ಎಂತ ಮಾಡ್ಲಿಕ್ಕೂ ಇಲ್ಲ.”

ಮಂಗಳೂರಿನ ದೊಡ್ಡ ಶಾಲೆಯ ಮಕ್ಕಳೂ ನಮ್ಮ ಏಳನೇ ಕ್ಲಾಸಿನವರ ಹಾಗೆ ಇಂಗ್ಲಿಷ್ ಮಾತಾಡುವುದಿಲ್ಲ. ಇದು ಜಂಭದ ಮಾತಲ್ಲ, ಸ್ಪರ್ಧೆಗಳಲ್ಲಿ ಗೆದ್ದು ತಂದ ಕಪ್ಪುಗಳು ಆಫೀಸಿನ ಕಪಾಟಿನಲ್ಲಿವೆ. ಬಂದವರಿಗೆಲ್ಲ ಅವುಗಳನ್ನು ತೋರಿಸುವವರು ನಮ್ಮ ಸಂಚಾಲಕ ವಿಷ್ಣುಪ್ರಸಾದರು. ಪ್ರತಿ ಜೂನಿಗೂ ಜಸೀನಾ ಅವರ ಮುಂದೆ ನಿಲ್ಲುವಳು. ಪ್ರತಿ ಜೂನಿಗೂ ಅವರದ್ದು ಒಂದೇ ರಾಗ: “ಬಿ.ಎಡ್. ಇಲ್ಲದೆ ಖಾಯಂ ಮಾಡುದು ಹೇಗೆ ಮೇಡಂ? ಮಾಡಿ ಬನ್ನಿ, ಮರುದಿನವೇ ಆರ್ಡರ್.”

ಆ ಮಾತು ನಂಬಿ ಅವಳು ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿದಳು. ಅದು ಮುಗಿದ ಮೇಲೆ ಬಿ.ಎಡ್. ಉಪವಾಸದ ತಿಂಗಳಲ್ಲಿ ನೀರೂ ಕುಡಿಯದೆ ಹೋಗಿ ಪರೀಕ್ಷೆ ಬರೆದು ಬಂದಳು. ಕಳೆದ ನವೆಂಬರಿನಲ್ಲಿ ರಿಸಲ್ಟ್ ಬಂತು, ಫಸ್ಟ್ ಕ್ಲಾಸ್. ಸರ್ಟಿಫಿಕೇಟ್ ಹಿಡಿದು ಆಫೀಸಿಗೆ ಹೋದವಳಿಗೆ ಸಿಕ್ಕಿದ್ದು “ನೋಡುವ, ನೋಡುವ” ಎಂಬ ಉತ್ತರ.

ಜನವರಿಯಲ್ಲಿ ವಿಷ್ಣುಪ್ರಸಾದರು ನನ್ನನ್ನು ಕರೆದರು. “ಕಮಲಾವತಿ ಟೀಚರ್, ಈ ಸಲ ಜಸೀನಾ ಮೇಡಮ್ಮಿಗೆ ಒಂದು ಸನ್ಮಾನ ಮಾಡುವ. ಚಂದದ ಪತ್ರ ಬರೀರಿ ಆಯ್ತಾ.”

ನಾನು ಓಡಿದೆ. ಐವತ್ತು ದಾಟಿದವಳು ಮಕ್ಕಳಂತೆ ವರಾಂಡದಲ್ಲಿ ಓಡಿದೆ.

“ಎಂತದಕ್ಕೆ ಕಮಲಕ್ಕಾ ನನಗೆ ಶಾಲು?” ಎಂದು ಜಸೀನಾ ಕೇಳಿದಳು. ಅವಳಿಗೆ ಅನುಮಾನ ಬಂದಿತ್ತು. ನನಗೆ ಬರಲಿಲ್ಲ.

“ಎಂತದಕ್ಕೆ ಅಂದರೆ? ಖಾಯಂ ಮಾಡುವ ಮೊದಲು ನಾಲ್ಕು ಜನರಿಗೆ ತೋರಿಸುದು ಬೇಡವಾ? ಅಮ್ಮನನ್ನೂ ಕರ್ಕೊಂಡು ಬಾ.”

ಆ ಮಾತು ನನ್ನದೇ. ಯಾರೂ ನನ್ನ ಬಾಯಿಗೆ ತುರುಕಿದ್ದಲ್ಲ.

ಮೂರು ರಾತ್ರಿ ಕೂತು ಪತ್ರ ಬರೆದೆ. ವಾರ್ಷಿಕೋತ್ಸವದ ಮಧ್ಯಾಹ್ನ ರಿಯಾಝ್ ಅಂಗಡಿ ಬಾಗಿಲು ಹಾಕಿ ಬಂದಿದ್ದ. ಜಸೀನಾಳ ತಾಯಿ ಪಾತುಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಬ್ಯಾರಿ ಮತ್ತು ತುಳು ಬಿಟ್ಟರೆ ಬೇರೆ ಭಾಷೆ ತಿಳಿಯದು. ಮಗಳು ವೇದಿಕೆ ಹತ್ತಿದಾಗ ಪಕ್ಕದವರಿಗೆಲ್ಲ ಬೆರಳು ಮಾಡಿ ತೋರಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಾನು ಪತ್ರ ಓದಿ, ಕೆಳಗಿಳಿದು ಪಾತುಮ್ಮನ ಪಕ್ಕ ಕೂತೆ. ವಿಷ್ಣುಪ್ರಸಾದರು ಮೈಕಿಗೆ ಬಂದರು.

“ಈ ವರ್ಷ ನಮ್ಮನ್ನು ಬಿಟ್ಟು ಹೋಗುತ್ತಿರುವ ಜಸೀನಾ ಮೇಡಂ ಅವರಿಗೆ ಶುಭವಾಗಲಿ. ಮಕ್ಕಳ ಹೆತ್ತವರಿಗೆ ಚಿಂತೆ ಬೇಡ. ಅವರ ಜಾಗಕ್ಕೆ ತನ್ಮಯೀ ಮೇಡಂ ಅವರಿಗೆ ದಸರಾ ರಜೆಯಲ್ಲೇ ಆರ್ಡರ್ ಕೊಟ್ಟು ಆಗಿದೆ. ಒಮ್ಮೆ ಎದ್ದು ನಿಲ್ಲಿ ಮೇಡಂ.”

ತನ್ಮಯೀ ಎಂದರೆ ವಿಷ್ಣುಪ್ರಸಾದರ ತಂಗಿಯ ಸೊಸೆ. ಪಾಪ, ಎದ್ದು ನಿಂತವಳಿಗೂ ನಾಚಿಕೆಯಾದಂತೆ ಕಂಡಿತು. ದಸರಾ ಅಕ್ಟೋಬರಿನಲ್ಲಿ, ಇವಳ ರಿಸಲ್ಟ್ ನವೆಂಬರಿನಲ್ಲಿ. ಇವಳು ಇನ್ನೂ ರಿಸಲ್ಟಿಗೆ ಕಾಯುತ್ತಿದ್ದಾಗಲೇ ಅಲ್ಲಿ ಸಹಿ ಬಿದ್ದಿತ್ತು. ಹೊಟ್ಟೆಗೆ ಅನ್ನ ತಿನ್ನುವವರು ಮಾಡುವ ಕೆಲಸವೇ ಇದು?

ಸನ್ಮಾನಿತರು ಎರಡು ಮಾತಾಡುವುದು ಕ್ರಮ. ಜಸೀನಾ ಎದ್ದಳು. ಶಾಲು ಹೆಗಲಲ್ಲೇ ಇತ್ತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ವೇದಿಕೆಯ ಎದುರು ನೆಲದಲ್ಲಿ ಕೂತಿದ್ದ ಏಳನೇ ಕ್ಲಾಸಿನ ಮಕ್ಕಳನ್ನು ಕ್ಲಾಸಿನಲ್ಲಿ ನೋಡುವ ಹಾಗೆಯೇ ನೋಡಿದಳು.

“ಮಕ್ಕಳೇ, ಕೊನೆಯ ವಾಕ್ಯ. ಟೀಚರ್ ಪಾಸಾಗುವಾಗ ಅವರು ಕೆಲಸ ಬೇರೆಯವರಿಗೆ ಕೊಟ್ಟು ಆಗಿತ್ತು. ಇಂಗ್ಲಿಷಿನಲ್ಲಿ ಹೇಳಿ.”

ಕನ್ನಡದಲ್ಲಿ ಹೇಳಿದಾಗ ಆ ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ಮಕ್ಕಳು ಒಂದೇ ಸ್ವರದಲ್ಲಿ ಹೇಳಿದರು: “ವೆನ್ ಟೀಚರ್ ಪಾಸ್ಡ್, ದೇಡ್ ಗಿವನ್ ದ ಜಾಬ್ ಟು ಸಮ್‌ಒನ್ ಎಲ್ಸ್.” ಬಾಲ ಮಾತ್ರ ಬಿಟ್ಟು, ಒಂದು ತಪ್ಪೂ ಇಲ್ಲದೆ.

ಅಷ್ಟಕ್ಕೆ ಹೆತ್ತವರೆಲ್ಲ ಚಪ್ಪಾಳೆ ಹೊಡೆದರು. ಮಕ್ಕಳ ಇಂಗ್ಲಿಷಿಗೆ. “ನೋಡಿ, ಇದು ನಮ್ಮ ಶಾಲೆ” ಎಂದು ವಿಷ್ಣುಪ್ರಸಾದರೂ ಹೊಡೆದರು.

ಎಲ್ಲರನ್ನೂ ನೋಡಿ ಪಾತುಮ್ಮನೂ ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿ ತುಳುವಿನಲ್ಲಿ ಕೇಳಿದರು, ಖಾಯಂ ಆಯ್ತಲ್ಲ ಟೀಚರೇ ಎಂದು. ನನಗೆ ತುಳು ಚೆನ್ನಾಗಿ ಬರುತ್ತದೆ. ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದು ಕಿವಿ ಮುಟ್ಟಿ ತೋರಿಸಿ, ನಾನೂ ಚಪ್ಪಾಳೆ ತಟ್ಟಿದೆ.