ಕೆರೆಯಂಗಳದಲ್ಲಿ ತಂಗಿಯ ಮನೆ

ನಮ್ಮ ಸೊಸೈಟಿಯ ಹಿಂದೆ ಒಂದು ಮಣ್ಣಿನ ಏರಿ ಇದೆ. ಗುರುಗ್ರಾಮದ ಜನ ಅದನ್ನು ಬಾಂಧ್ ಅನ್ನುತ್ತಾರೆ. ಮಳೆಗಾಲದಲ್ಲಿ ಅರಾವಳಿ ಗುಡ್ಡದಿಂದ ನುಗ್ಗುವ ನೀರು ಊರೊಳಗೆ ಬಾರದಿರಲಿ ಎಂದು ಯಾವುದೋ ಕಾಲದಲ್ಲಿ ಕಟ್ಟಿದ್ದು. ಎತ್ತರ ಹೆಚ್ಚೇನಿಲ್ಲ, ಆಳುದ್ದ ಅಷ್ಟೆ. ಅದರ ಮೇಲೆ ಬೆಳಿಗ್ಗೆ ಸಂಜೆ ಜನ ವಾಕಿಂಗ್ ಮಾಡುತ್ತಾರೆ, ನಾಯಿ ತಿರುಗಾಡಿಸುತ್ತಾರೆ, ಫೋನಿನಲ್ಲಿ ಕಿರುಚಾಡುತ್ತಾರೆ. ಏರಿಯ ಈ ಕಡೆ ನಾವು. ಆ ಕಡೆ, ವರ್ಷದಲ್ಲಿ ಹೆಚ್ಚುಪಾಲು ಒಣಗಿ ಬಿದ್ದಿರುವ ಬಯಲಿನಲ್ಲಿ, ಯಾರೋ ಸೈಟು ಮಾಡಿ ಮಾರಿದ ಒಂದೇ ಅಂತಸ್ತಿನ ಮನೆಗಳ ಸಾಲುಗಳು. ಅಲ್ಲಿ ನನ್ನ ತಂಗಿಯ ಮನೆ.

ತಂಗಿ ದೆಹಲಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಮದುವೆಯ ಗೋಜಿಗೆ ಹೋಗಲಿಲ್ಲ. ಓದಲೆಂದು ಬಂದವಳು ನಮ್ಮ ಮನೆಯಲ್ಲೇ ಇದ್ದು ಓದಿದಳು. ಅವಳಿಗೆ ಸ್ಕೂಟರ್ ಕಲಿಸಿದ್ದು ನನ್ನ ಗಂಡ, ಕೆಲಸ ಸಿಕ್ಕಾಗ ಇಡೀ ಸೊಸೈಟಿಗೆ ಲಡ್ಡು ಹಂಚಿದ್ದೂ ಅವರೇ. ಸ್ವಂತ ಮನೆ ಬೇಕು ಅನ್ನಿಸಿದಾಗ ಜನಕಪುರಿ, ಮಯೂರ್ ವಿಹಾರ್ ಎಲ್ಲ ಸುತ್ತಿ ಬಂದಳು. ಕೊನೆಗೆ "ಅಕ್ಕ, ಏರಿ ಹತ್ತಿ ಇಳಿದ್ರೆ ನಿಮ್ಮನೆ" ಎಂದು ಅಲ್ಲೇ ಕೊಂಡಳು. ನನಗೂ ಖುಷಿಯೋ ಖುಷಿ. ಹುಳಿಯ ಡಬ್ಬಿ ಹಿಡಿದು ಹೊರಟರೆ ಬಿಸಿ ಆರುವುದರೊಳಗೆ ಅವಳ ಅಡುಗೆಮನೆಯಲ್ಲಿರುತ್ತಿದ್ದೆ.

ನಮ್ಮ ಬುದ್ಧಿಗೆ ಏನು ಹೇಳಬೇಕು! ನಾವಿಬ್ಬರೂ ತುಮಕೂರು ಕಡೆ ಕೆರೆಯ ಪಕ್ಕದಲ್ಲೇ ಬೆಳೆದವರು. ಏರಿ ಅಂದರೆ ಏನು, ನೀರು ಬಿಡುವ ತೂಬು ಅಂದರೆ ಏನು, ಅದನ್ನು ಎತ್ತಿ ಇಳಿಸುವ ನೀರುಗಂಟಿ ಯಾರು ಎಂದು ಅಕ್ಷರ ಕಲಿಯುವ ಮೊದಲೇ ಗೊತ್ತಿದ್ದವರು. ಕೆರೆಯಂಗಳದಲ್ಲಿ ಯಾರಾದರೂ ಗುಡಿಸಲು ಹಾಕಿದರೂ ತಲೆ ಕೆಟ್ಟಿದೆಯಾ ಎಂದು ಬೈಯುತ್ತಿದ್ದ ಊರು ನಮ್ಮದು. ಇಲ್ಲಿ ನೀರು ಕಾಣಲಿಲ್ಲ, ಅದನ್ನು ಕೆರೆ ಎಂದು ಕರೆಯುವವರೂ ಇರಲಿಲ್ಲ. ಅಷ್ಟಕ್ಕೇ ನಮಗೆ ಕಣ್ಣು ಮಂಜಾಯಿತು. ಬಾಗಿಲು ಪೂರ್ವಕ್ಕಿದೆಯಾ ಎಂದು ನೋಡಿದೆವು, ಗುಡ್ಡದ ನೀರು ಯಾವ ಕಡೆಯಿಂದ ಬಂದೀತು ಎಂದು ನೋಡಲಿಲ್ಲ.

ಈ ಬಾಂಧಿಗೂ ಒಂದು ತೂಬು ಇತ್ತು. ಏರಿಯ ಹೊಟ್ಟೆಯಲ್ಲಿ ಹಾದು ನಮ್ಮ ಪಾರ್ಕಿನ ಅಂಚಿನ ನಾಲೆಗೆ ಬರುವ ದೊಡ್ಡ ಪೈಪು, ಅದಕ್ಕೊಂದು ಕಬ್ಬಿಣದ ಗೇಟು, ಗೇಟು ಎತ್ತಲು ಏರಿಯ ಮೇಲೆ ಒಂದು ಚಕ್ರ. ಒಂದು ಮಳೆಗಾಲದಲ್ಲಿ ಅದರಿಂದ ಕೊಳಕು ನೀರು ಬಂದು ಪಾರ್ಕೆಲ್ಲ ನಾರಿತು. ಸೊಸೈಟಿಯವರು ಮೀಟಿಂಗ್ ಮಾಡಿ ಗೇಟು ಇಳಿಸಿ, ಚಕ್ರ ಬಿಚ್ಚಿ ಆಫೀಸಿನ ಬೀರುವಿನಲ್ಲಿಟ್ಟರು. ನಾಲೆ ಮುಚ್ಚಿ ಹುಲ್ಲು ಹಾಸಿದರು. ಬೀರುವಿನ ಕೀಲಿ ಸೆಕ್ರೆಟರಿಯ ಹತ್ತಿರ, ಸೆಕ್ರೆಟರಿ ಅಂದರೆ ನನ್ನ ಗಂಡ. ತಂಗಿ ಅವತ್ತೇ ಬಂದು ಜಗಳ ತೆಗೆದಳು.

"ಭಾವ, ತೂಬು ಮುಚ್ಚಿದ್ರೆ ನಮ್ಮ ಕಡೆ ನೀರು ಎಲ್ಲಿಗೆ ಹೋಗ್ಬೇಕು?"

"ಅಲ್ಲಿ ನೀರೆಲ್ಲಿ ನಿಲ್ಲುತ್ತಮ್ಮ, ಮರಳು ಕುಡಿದುಬಿಡುತ್ತೆ" ಎಂದು ಇವರು ನಕ್ಕರು.

ಮರುವರ್ಷ ಅವಳು ಕಾಲೇಜಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು. ನಮ್ಮನೆಗೆ ಬಾ ಅಂದರೆ ಕೇಳಲಿಲ್ಲ, "ನನ್ನ ಮಂಚ ನನಗೆ ಸಾಕು" ಅಂದಳು. ಹೀಗಿರುವಾಗ ಒಂದು ದಿನ ಬೆಳಗಿನಿಂದಲೇ ಮಳೆ ಹಿಡಿಯಿತು. ದೆಹಲಿಯ ಮಳೆ ಬಂದು ಹೋಗುವ ಮಳೆ, ಇದು ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಫೋನ್ ಬಂತು. ಬೀದಿಯಲ್ಲಿ ತೊಡೆಮಟ್ಟ ನೀರು, ಮನೆಯೊಳಗೂ ನುಗ್ಗಿದೆ. ತಾರಸಿಗೆ ಹತ್ತಲು ಇರುವುದು ಗೋಡೆಗೆ ಒರಗಿಸಿದ ಏಣಿ. ಪ್ಲಾಸ್ಟರಿನ ಕಾಲಲ್ಲಿ ಅದನ್ನು ಹತ್ತುವುದೆಲ್ಲಿ ಬಂತು? ಸಹಾಯಕ್ಕೆಂದು ಫೋನ್ ಮಾಡಿದ ಕಡೆಯೆಲ್ಲ "ಆ ರಹೇ ಹೈಂ" ಎಂದರು. ರಸ್ತೆಗಳೇ ಹೊಳೆಯಾಗಿದ್ದಾಗ ಯಾರು ಬರುತ್ತಾರೆ?

ನಾನು ಗಂಡನನ್ನೂ ಕೇಳಲಿಲ್ಲ. ಸೊಸೈಟಿಯ ಬಾಗಿಲು ಕಾಯುವ ಇಬ್ಬರು ಗಾರ್ಡ್ ಭಯ್ಯಾಗಳನ್ನು ಕರೆದು, ಒಂದು ಪ್ಲಾಸ್ಟಿಕ್ ಕುರ್ಚಿ ಹೊರಿಸಿಕೊಂಡು ಏರಿ ದಾಟಿದೆ. ಆ ಕಡೆ ಬಯಲು ಇರಲಿಲ್ಲ, ಕೆರೆ ಇತ್ತು. ಕೆಂಪು ನೀರು, ಮೇಲೆ ತೇಲುವ ಚಪ್ಪಲಿಗಳು. ತಾರಸಿಗಳ ಮೇಲೆ ಹೆಂಗಸರು ಮಕ್ಕಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೂತಿದ್ದರು. ಕಾಲ ಕೆಳಗೆ ಏನಿದೆಯೋ ತಿಳಿಯುತ್ತಿರಲಿಲ್ಲ.

ತಂಗಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಕಾಲಿನ ಕೆಳಗೆ ಎರಡು ದಿಂಬು. ನೀರು ಹಾಸಿಗೆಗೆ ಇನ್ನೊಂದು ಗೇಣು ಬಾಕಿ. ಭಯ್ಯಾಗಳು ಕುರ್ಚಿ ಹಿಡಿದು ಮುಂದೆ ಬಂದರು.

"ತಡೀರಿ" ಅಂದಳು. "ಅಕ್ಕ, ಗೇಟು ತೆಗೆದ್ರಾ?"

"ಗೇಟಿನ ಮಾತು ಆಮೇಲೆ. ಮೊದಲು ಏಳು."

"ನಾನು ಬರೋಲ್ಲ."

"ಏನಂದೆ?"

"ನಾನು ಆ ಕಡೆ ಬಂದ ತಕ್ಷಣ ಭಾವನಿಗೆ ಈ ಕಡೆ ನಮ್ಮೋರು ಅಂತ ಯಾರೂ ಇರೋಲ್ಲ. ನೆಮ್ಮದಿಯಾಗಿ ಟೀ ಕುಡೀತಾರೆ. ಹಿಂದಿನ ಮನೇಲಿ ಬಾಣಂತಿ ಇದ್ದಾಳೆ, ಹಸುಗೂಸು ಇಟ್ಕೊಂಡು ತಾರಸಿ ಮೇಲೆ ನೆನೀತಿದ್ದಾಳೆ. ಎಲ್ಲರನ್ನೂ ಕುರ್ಚಿಲಿ ಹೊರ್ತೀಯಾ ನೀನು? ಗೇಟು ತೆಗೆಸು. ಆಮೇಲೆ ಬರ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆ ಬಾರಿಸೋಣ ಅನ್ನಿಸಿತು. "ಇದು ನಿನ್ನ ಕ್ಲಾಸಲ್ಲ ಕಣೇ, ನೀರು! ಎದ್ದು ನಿಲ್ಲೋಕೂ ಆಗದವಳು ನೀನು, ಮುಳುಗಿ ಹೋಗ್ತೀಯ" ಎಂದು ಕಿರುಚಿದೆ. ರಟ್ಟೆ ಹಿಡಿದು ಎಳೆದೆ. ಅವಳು ಮಂಚದ ತಲೆಗಂಬಿ ಬಿಗಿಯಾಗಿ ಹಿಡಿದುಕೊಂಡಳು. ಜೋರು ಮಾಡಿದರೆ ಪ್ಲಾಸ್ಟರಿನ ಕಾಲು ಎಲ್ಲಿ ತಿರುಚುತ್ತದೋ ಎಂದು ಭಯ್ಯಾಗಳು ಮುಟ್ಟಲಿಲ್ಲ. "ಹಾಳಾಗಿ ಹೋಗು!" ಎಂದು ಬೈದು ಹೊರಗೆ ಬಂದೆ. ಒಬ್ಬ ಭಯ್ಯಾನಿಗೆ ಅವಳ ಬಾಗಿಲಲ್ಲೇ ನಿಂತಿರಲು ಹೇಳಿದೆ. ತಿರುಗಿ ನೋಡಲಿಲ್ಲ, ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ.

ಏರಿಯ ಮೇಲೆ ನನ್ನ ಗಂಡ, ಸೊಸೈಟಿಯ ಅಧ್ಯಕ್ಷರು, ಇನ್ನೂ ಕೆಲವರು ಛತ್ರಿ ಹಿಡಿದು ನಿಂತಿದ್ದರು. ಕೆಲವರು ವಿಡಿಯೋ ಮಾಡುತ್ತಿದ್ದರು.

"ಅವಳೆಲ್ಲಿ?" ಎಂದರು ಇವರು.

"ಬರೋಲ್ಲವಂತೆ. ನೀವು ಗೇಟು ತೆಗೆಯೋವರೆಗೂ ಅಲ್ಲೇ ಇರ್ತಾಳಂತೆ."

"ತಲೆ ಕೆಟ್ಟಿದೆಯಾ ಅವಳಿಗೆ? ಎತ್ತಿಕೊಂಡು ಬರೋದಲ್ವಾ?"

"ಎತ್ತಿಕೊಂಡು ಬರೋಕೆ ಅವಳೇನು ಅಕ್ಕಿ ಮೂಟೆನಾ? ಚಕ್ರ ತಗೊಂಡು ಬನ್ನಿ ರೀ."

ಅಧ್ಯಕ್ಷರು ನಡುವೆ ಬಂದರು. "ಭಾಭೀಜಿ, ಗೇಟ್ ನಹೀಂ ಖುಲೇಗಾ." ತೆಗೆದರೆ ಬೇಸ್‌ಮೆಂಟಿನ ಕಾರುಗಳು, ಕರೆಂಟಿನ ಪ್ಯಾನೆಲ್ಲು, ನೆಲಮಹಡಿಯ ಫ್ಲಾಟುಗಳು ಎಲ್ಲ ಹೋಗುತ್ತವೆ ಎಂದು ಬೆರಳು ಮಡಚುತ್ತಾ ಹೇಳಿದರು. ನೆಲಮಹಡಿಯ ಫ್ಲಾಟುಗಳಲ್ಲಿ ನಮ್ಮದೂ ಒಂದು.

ಆಗಲೇ ನಾನು ಅದನ್ನು ಕಂಡದ್ದು. ಬೈಕುಗಳು ದಾಟಿ ದಾಟಿ ಏರಿ ತಗ್ಗಾಗಿದ್ದ ಜಾಗದಲ್ಲಿ ನೀರು ಅಂಚಿಗೆ ಬಂದು ಮಣ್ಣನ್ನು ನೆಕ್ಕುತ್ತಿತ್ತು. ನೋಡನೋಡುತ್ತಿದ್ದಂತೆ ಒಂದು ಹೆಂಟೆ ಕಳಚಿ ಬಿತ್ತು.

"ಅಲ್ನೋಡಿ!" ಎಂದು ಕೂಗಿದೆ. ಹಿಂದಿ, ಕನ್ನಡ ಎರಡೂ ಬಾಯಿಗೆ ಬಂದಂತೆ ಬಂದವು. ಮಣ್ಣಿನ ಏರಿಯ ಮೇಲೆ ನೀರು ಹರಿಯಿತು ಅಂದರೆ ಆ ಏರಿ ಉಳಿಯುವುದಿಲ್ಲ, ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಗೇಟು ತೆಗೆದರೆ ಪೈಪಿನಷ್ಟು ನೀರು ಬರುತ್ತೆ, ಏರಿ ಒಡೆದರೆ ಇಡೀ ಕೆರೆಯೇ ಬರುತ್ತೆ, ಆಗ ನಿಮ್ಮ ಕಾರು ಹುಡುಕಿಕೊಂಡು ಹೋಗಿ ಎಂದೆ. ಇಷ್ಟು ಹೇಳಿ ಇವರ ಕಡೆ ತಿರುಗಿದೆ. "ಅವಳ ಮಂಚಕ್ಕೆ ನೀರು ಹತ್ತಿರಬೇಕು ರೀ, ಈಗ" ಎಂದೆ.

ಇವರು ಛತ್ರಿಯನ್ನು ಅಲ್ಲೇ ಬಿಟ್ಟು ಇಳಿದು ಓಡಿದರು. ಚಕ್ರ ಹಿಡಿದು ಬಂದಾಗ ಅಧ್ಯಕ್ಷರು ಅಡ್ಡ ನಿಂತು "ಸೋಚ್ ಲೋ", ಯೋಚನೆ ಮಾಡಿ ಎಂದರು. "ಸೋಚ್ ಲಿಯಾ" ಎಂದು ಇವರು ಅವರನ್ನು ಪಕ್ಕಕ್ಕೆ ಸರಿಸಿದರು. ನನ್ನ ಗಂಡ ಯಾರ ಮೈಮೇಲೂ ಕೈ ಹಾಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಚಕ್ರ ಕೂತಿತು, ತಿರುಗಲಿಲ್ಲ. ತುಕ್ಕು. ಇವರು, ಜೊತೆಗಿದ್ದ ಗಾರ್ಡ್ ಭಯ್ಯಾ, ವಿಡಿಯೋ ಮಾಡುತ್ತಿದ್ದವರಲ್ಲಿ ಇಬ್ಬರು, ನಾನು, ಎಲ್ಲ ಜೋತುಬಿದ್ದೆವು. ನನ್ನ ಅಂಗೈ ಸುಲಿದುಹೋಯಿತು. ಅಯ್ಯೋ ದೇವರೇ, ತಿರುಗು, ತಿರುಗು ಎಂದು ಬಾಯಲ್ಲಿ ಹೇಳುತ್ತಲೇ ಇದ್ದೆ. ಕೊನೆಗೆ ಕಿರ್ರೆಂದು ಸ್ವಲ್ಪ ಸರಿಯಿತು, ಇನ್ನೂ ಸ್ವಲ್ಪ ಸರಿಯಿತು. ಕೆಳಗೆ ನಮ್ಮ ಪಾರ್ಕಿನಲ್ಲಿ ಹುಲ್ಲು ಉಬ್ಬಿ ಹರಿದು ಕೆಂಪು ನೀರು ನುಗ್ಗಿತು. ಏರಿಯ ತಗ್ಗಿನಲ್ಲಿ ನೀರು ಏರುವುದು ನಿಧಾನವಾಗಿ ನಿಂತಿತು. ಮಳೆಯೂ ಸಣ್ಣದಾಯಿತು.

ಸಂಜೆಯ ಹೊತ್ತಿಗೆ ನಾನೂ ಇವರೂ ತಂಗಿಯ ಮನೆಗೆ ಹೋದೆವು. ನೀರು ಹಾಸಿಗೆಯ ಅಂಚು ಒದ್ದೆ ಮಾಡಿ ಕೆಳಕ್ಕೆ ಇಳಿದಿತ್ತು. ಅವಳು ಹಾಗೇ ಕೂತಿದ್ದಳು, ಕೈ ಇನ್ನೂ ತಲೆಗಂಬಿಯ ಮೇಲೆ.

"ನಿಮ್ಮನೆಗೆ ನೀರು ಬಂತಾ?" ಎಂದಳು.

"ಅಡುಗೆಮನೆವರೆಗೂ ಬಂದಿದೆ" ಎಂದೆ.

"ಮತ್ತೆ ನಾನ್ಯಾಕೆ ಅಲ್ಲಿಗೆ ಬರ್ಲಿ? ಇಲ್ಲಿ ಇಳೀತಾ ಇದೆ. ನೀವೇ ಬನ್ನಿ."

ಇವರು ಒಳಗೆ ಬರದೆ ಹೊಸ್ತಿಲಲ್ಲೇ ನಿಂತಿದ್ದರು, ಪ್ಯಾಂಟು ಮಡಚಿಕೊಂಡು, ತಲೆ ತಗ್ಗಿಸಿ. "ಭಾವ, ನಿಂತೇ ಇರ್ತೀರಾ? ಹತ್ತಿ ಕೂತ್ಕೊಳ್ಳಿ" ಎಂದು ಅವಳೇ ಕರೆದಳು. ಒದ್ದೆ ಮಂಚದ ಮೇಲೆ ಮೂವರೂ ಇಕ್ಕಟ್ಟಿನಲ್ಲಿ ಕೂತೆವು. ಅವಳು ನನ್ನ ಸುಲಿದ ಅಂಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ಅಕ್ಕ, ನೀನು ಹೊರಗೆ ಹೋದ್ಯಲ್ಲ, ಆಗ ನಂಗೆ ಜೀವ ಬಾಯಿಗೆ ಬಂತು. ಬೇಡ ಅಕ್ಕ, ನನ್ನನ್ನ ಕರ್ಕೊಂಡು ಹೋಗು ಅಂತ ಕೂಗಿದೆ. ತುಂಬಾ ಸಲ ಕೂಗಿದೆ. ಆ ಗಾಬರೀಲಿ ಹಿಂದಿ ಬಾಯಿಗೇ ಬರ್ಲಿಲ್ಲ, ಭಯ್ಯಾಗೆ ಕನ್ನಡ ಅರ್ಥ ಆಗ್ಲಿಲ್ಲ, ನಿಂಗೆ ಕೇಳಿಸ್ಲಿಲ್ಲ."

ಮಳೆಯ ಅಬ್ಬರದಲ್ಲಿ ನನಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಕೇಳಿಸಿದ್ದರೆ ಓಡಿ ಬಂದು ಅವಳನ್ನು ಎತ್ತಿಸಿಕೊಂಡು ಹೋಗಿಬಿಡುತ್ತಿದ್ದೆ, ಗೇಟಿನ ಮಾತು ಎತ್ತುತ್ತಲೇ ಇರಲಿಲ್ಲ.