ಒಂದೇ ಕಾರ್ಟಿನ ಲಾಗ್

ವಿಶಾಖಪಟ್ಟಣದ ದ್ವಾರಕಾ ನಗರದ ನಮ್ಮ ಆಫೀಸಿನಲ್ಲಿ ಧಾರವಾಡದ ಮೇಡಂ ಒಬ್ಬರಿದ್ದರು. ಕೂತಲ್ಲೂ ಅವರ ಕಾಲು ಕುಣಿಯುತ್ತಲೇ ಇರುತ್ತಿತ್ತು. ವೆಬ್‌ಸೈಟ್ ಕೆಟ್ಟಾಗ ನಾನು ಕೋಡಿನ ಬಿಡಿ ಘಟಕಗಳಾದ ಎಲ್ಲ ಆಬ್ಜೆಕ್ಟ್‌ಗಳಿಂದಲೂ ಲಾಗ್, ಅಂದರೆ ಏನೇನು ನಡೆಯಿತೆಂಬ ದಾಖಲೆ, ಬರೆಸುತ್ತಿದ್ದೆ. ಪರದೆ ತುಂಬ ಸಾಲುಗಳು ಸುರಿಯುತ್ತಿದ್ದವು.

"ಎಲ್ಲಾರ್ನೂ ಒದರಸಬ್ಯಾಡ, ಒಬ್ಬಾಂವನ್ನ ಕೇಳು," ಎನ್ನುತ್ತಿದ್ದರು ಮೇಡಂ.

ಒಮ್ಮೆ ಮಂಗಳಗಿರಿ ಸೀರೆಯಂಗಡಿಯ ಸೈಟಿನಲ್ಲಿ ಒಬ್ಬ ಗಿರಾಕಿಯ ಕಾರ್ಟ್, ಅಂದರೆ ಕೊಳ್ಳಲು ಆರಿಸಿಟ್ಟ ಸೀರೆಗಳ ಬುಟ್ಟಿ, ಮಾತ್ರ ಪದೇ ಪದೇ ಖಾಲಿಯಾಗುತ್ತಿತ್ತು. ಮ್ಯಾನೇಜರ್ ಅದು ನನ್ನ ತಪ್ಪೆಂದು ಎಲ್ಲರೆದುರು ನನ್ನನ್ನು ಬೈದು ಹೋದರು. ಮೇಡಂ ಆ ಒಂದು ಕಾರ್ಟಿಗಷ್ಟೇ ಲಾಗ್ ಹಾಕಿದರು. ಅದನ್ನು ಖಾಲಿ ಮಾಡುತ್ತಿದ್ದ ಫಂಕ್ಷನ್ನಿನ ಹೆಸರು ಪರದೆಗೆ ಬಂತು. ಆ ಫಂಕ್ಷನ್ ಮೇಡಂ ಅವರೇ ಬರೆದದ್ದು. ನಮ್ಮಿಬ್ಬರ ಹೊರತು ಅದನ್ನು ಯಾರೂ ನೋಡಿರಲಿಲ್ಲ.

ಮೇಡಂ ಮ್ಯಾನೇಜರನ್ನು ಕರೆದು ಪರದೆ ತೋರಿಸಿದರು. "ಇದು ನಾನು ಬರೆದದ್ದು," ಎಂದರು, ತಮ್ಮ ಧಾರವಾಡದ ತೆಲುಗಿನಲ್ಲಿ.

ಆ ಕಾಲು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.