ಗೋಂದಿನ ಚಾಚಾನ ಹೆಬ್ಬೆರಳು

ಇವತ್ತು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದರೆ ನೆನೆಸಿಟ್ಟ ಜಾಲಿ ಗೋಂದಿನ ವಾಸನೆ. ಹಸಿ ತೊಗಟೆಯ, ತುಸು ಹುಳಿಯಾದ ಈ ವಾಸನೆ ನಿಮಗೂ ಗೊತ್ತಿರಬಹುದು. ಹೊಸ ವಿದ್ಯಾರ್ಥಿಗಳು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಸುರಪುರದ ಗೋಂದಿನ ಚಾಚಾ ನೆನಪಾದರು.

ಆಗ ನಾನು ಸಂಶೋಧನೆಗೆ ಸೇರಿದ ಹೊಸತು. ಗೋಂದಿನಿಂದ ಲೋಳೆಯಂಥ ಮೆತ್ತನೆಯ ಹಾಳೆ ಮಾಡಿ, ಅದರ ಮೇಲೆ ಚರ್ಮದ ಜೀವಕೋಶಗಳು ಹೇಗೆ ತೆವಳುತ್ತವೆ ಎಂದು ನೋಡುವುದು ನನ್ನ ಕೆಲಸ. ಗಾಯ ಮಾಯುವುದೆಂದರೆ ಸುತ್ತಲಿನ ಕೋಶಗಳು ತೆವಳಿ ಬಂದು ಬಿರುಕು ಮುಚ್ಚುವುದೇ ತಾನೆ. ಮನೆಯಲ್ಲಿ ಇದನ್ನು ವಿವರಿಸಿದಾಗ ಅವ್ವ, "ಅಂದ್ರ ಅಂಟು ಕುದಸೂ ಕೆಲಸ" ಎಂದಿದ್ದಳು. ಅದೂ ಸುಳ್ಳಲ್ಲ.

ಅಂಗಡಿಯ ಗೋಂದಿನಲ್ಲಿ ಮರಳಿರುತ್ತಿತ್ತು, ಅದಕ್ಕೇ ಚಾಚಾ ಹತ್ತಿರ ಕೊಳ್ಳುತ್ತಿದ್ದೆ. ಅವರು ಶಹಾಪುರದ ಕಡೆಯ ಹೊಲಗಳ ಬದುವಿನಲ್ಲಿ ತಾವೇ ಕಿತ್ತು ತಂದು, ಮನೆ ಮುಂದೆ ಕುಳಿತು ಒಂದೊಂದೇ ತುಣುಕನ್ನು ಬಿಸಿಲಿಗೆ ಹಿಡಿದು ಆರಿಸುತ್ತಿದ್ದರು.

ಒಂದು ಬೇಸಿಗೆ ಹೋದಾಗ ಅವರ ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಜಾಲಿ ಮುಳ್ಳು ಚುಚ್ಚಿ ತಿಂಗಳಾದರೂ ಗಾಯ ಮಾಯ್ದಿರಲಿಲ್ಲ.

"ಸರ, ನೀವು ಮಾಡ್ತೀರಲ್ಲ ಆ ಮುಲಾಮು, ನನಗಷ್ಟು ಕೊಡ್ರಿ."

"ಅದು ಇನ್ನಾ ಮನುಷ್ಯಾರಿಗೆ ಹಚ್ಚೋ ಹಂಗಿಲ್ರಿ ಚಾಚಾ."

"ಗೋಂದು ನಂದು, ಕಾಲೂ ನಂದು. ನಿಮಗೇನ್ರಿ ತಕಲೀಫು?"

ನಾನು ನಿಯಮ, ಪರೀಕ್ಷೆ, ಅನುಮತಿ ಎಂದು ಅರ್ಧ ತಾಸು ಪಾಠ ಹೇಳಿದೆ. ಕೊಡದಿದ್ದದ್ದು ಸರಿಯೇ, ಇವತ್ತೂ ಕೊಡಲಾರೆ. ಆದರೆ 'ಬರ್ರಿ, ದವಾಖಾನಿಗೆ ಹೋಗೋಣು' ಎಂಬ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಗೋಂದಿನ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದಾಗ ಹೆಬ್ಬೆರಳಿರಲಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗುವ ಹೊತ್ತಿಗೆ ಕೊಳೆತುಹೋಗಿತ್ತು, ತೆಗೆಯಲೇಬೇಕಾಯಿತು ಎಂದು ಅವರ ಮಗಳು ಹೇಳಿದಳು. ಚಾಚಾ ಗೋಂದು ಆರಿಸುತ್ತಲೇ ಇದ್ದರು. ಏನಾದರೂ ಮಾತಾಡಬೇಕಲ್ಲ ಎಂದು, ನನ್ನ ಪ್ರಯೋಗ ಕೈಗೂಡಿತು ಎಂದೆ.

"ಯಾರಿಗಿ ಹಚ್ಚಿದ್ರಿ?"

"ಯಾರಿಗೂ ಇಲ್ರಿ. ಗಾಜಿನ ತಟ್ಟಿಯೊಳಗ ಜೀವಕೋಶ ಇರ್ತಾವ. ಅವು ಈಗ ಚಲೋ ನಡ್ಯಾಕತ್ತಾವ."

ಅವರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. "ಅವಾದ್ರೂ ನಡೀಲಿ ಬಿಡ್ರಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಚಾಚಾ ಈಗಿಲ್ಲ. ಗೋಂದು ಕೊಡುವವಳು ರಾಮಸಮುದ್ರದ ಭೀಮವ್ವ, ನನ್ನ ಅವ್ವನ ವಯಸ್ಸಿನವಳು. ಇವತ್ತು ಮಧ್ಯಾಹ್ನ ಅವಳ ಮನೆಗೆ ಹೋದಾಗ ಮೊದಲು ಕಣ್ಣು ಹೋದದ್ದು ಅವಳ ಕಾಲಿಗೆ. ಹಿಮ್ಮಡಿಯಲ್ಲಿ ಕಡಲೆ ಕಾಳಿನಷ್ಟು ಹುಣ್ಣು. ಎಷ್ಟು ದಿನವಾಯಿತೆಂದು ಕೇಳಿದೆ. ಹದಿನೈದು ದಿನವಂತೆ. ಬೈಕು ಯಾದಗಿರಿಯ ದವಾಖಾನೆ ಕಡೆ ತಿರುಗಿಸಿ, ಹಿಂದೆ ಹತ್ತಿ ಕೂಡು ಎಂದೆ.

"ಇಷ್ಟ ಸಣ್ಣ ಗಾಯಕ್ಕ ದವಾಖಾನಿ ಯಾಕ್ರಿ?"

"ಸಣ್ಣದಿದ್ದಾಗನ ಹೋಗ್ಬೇಕವ್ವ," ಎಂದೆ.

ಭೀಮವ್ವ ಸೆರಗು ಬಿಗಿದುಕೊಂಡು ಹಿಂದೆ ಕುಳಿತಳು.